ಶಸ್ತ್ರಚಿಕಿತ್ಸೆಯ ನಂತರ ಹೃದಯದ ಹೊರದಾರಿ ಕಟ್ಟಿಕೊಂಡರೆ

1950ರ ದಶಕದ ಕೊನೆಯ ಮಾತು. ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲಿ ರೋಗಿಯೊಬ್ಬನ ಎಡ ಹೃತ್ಕುಕ್ಷಿಯ ಒತ್ತಡಕ್ಕೂ ಅದರಾಚೆಯ ಮಹಾಪಧಮನಿಯ ಒತ್ತಡಕ್ಕೂ ಭಾರಿ ಅಂತರ ಕಂಡುಬಂತು. ಅಯೋರ್ಟಿಕ್ ಕವಾಟದ ಕೆಳಗೆ ಪೊರೆಯಂಥದೇನೋ ಬೆಳೆದು ದಾರಿಗೆ ಅಡ್ಡವಾಗಿರಬೇಕೆಂದು ಹೃದ್ರೋಗ ತಜ್ಞ ಯುಜೀನ್ ಬ್ರಾನ್‌ವಾಲ್ಡ್ ಭಾವಿಸಿದರು. ಶಸ್ತ್ರವೈದ್ಯ ಆಂಡ್ರ್ಯೂ ಗ್ಲೆನ್ ಮಾರೋ ಹೃದಯವನ್ನು ನಿಲ್ಲಿಸಿ, ತೆರೆದು, ಬೆರಳಾಡಿಸಿ ನೋಡಿದರೆ ಅಲ್ಲಿ ಪೊರೆಯೂ ಇಲ್ಲ, ಗಂಟೂ ಇಲ್ಲ. ನಿಂತ ಹೃದಯದಲ್ಲಿ ಕಾಣದ, ಬಡಿಯುವ ಹೃದಯದಲ್ಲಷ್ಟೇ ಹುಟ್ಟುವ ಅಡ್ಡಿ ಅದು. ಲಂಡನ್ನಿನ ರಸೆಲ್ ಬ್ರಾಕ್ 1957ರಲ್ಲೇ ಇಂಥ ಅಡ್ಡಿಯ ಬಗ್ಗೆ ಬರೆದಿದ್ದರು. 1958ರಲ್ಲಿ ಅದೇ ನಗರದ ರೋಗಶಾಸ್ತ್ರಜ್ಞ ಡೊನಾಲ್ಡ್ ಟಿಯರ್, ಎಳೆಯ ವಯಸ್ಸಿನಲ್ಲಿ ಸತ್ತವರ ಹೃದಯಗಳಲ್ಲಿ ನಡುಗೋಡೆ ಒಂದೇ ಕಡೆ ವಿಪರೀತ ದಪ್ಪಗಾಗಿದ್ದುದನ್ನು ವರ್ಣಿಸಿದರು. ದಪ್ಪಗಾದ ಆ ಗೋಡೆಯ ಸ್ನಾಯುವನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಇಂದಿಗೂ ಮಾರೋ ಅವರ ಹೆಸರಿದೆ. 1982ರಲ್ಲಿ ಅವರು ತೀರಿಕೊಂಡದ್ದೂ ಅದೇ ಕಾಯಿಲೆಯಿಂದ.

ಆನುವಂಶಿಕವಾಗಿ ಬರುವ ಈ ಕಾಯಿಲೆಯ ಬಗ್ಗೆ ಸಾಕಷ್ಟು ಬರಹಗಳಿವೆ. ಅದೇ ಬಗೆಯ ಅಡ್ಡಿ ಬೇರೆ ಕಾರಣಕ್ಕೆ ಹೃದಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ, ಅದೂ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಮುಗಿದ ಮೇಲೆ, ದಿಢೀರನೆ ಕಾಣಿಸಿಕೊಳ್ಳುವುದು ಅಷ್ಟಾಗಿ ಚರ್ಚೆಯಾಗಿಲ್ಲ. ಇಲ್ಲಿ ನೋಡಹೊರಟಿರುವುದು ಅದನ್ನು. ಇದನ್ನು ಮುಖ್ಯವೆಂದು ನಾನು ಭಾವಿಸಲು ಕಾರಣವಿದೆ. ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಕುಸಿದರೆ ವೈದ್ಯರ ಕೈ ಸಹಜವಾಗಿ ಹೋಗುವುದು ಹೃದಯದ ಬಡಿತಕ್ಕೆ ಬಲ ತುಂಬುವ ಔಷಧಿಗಳ ಕಡೆಗೆ. ಬಹುಪಾಲು ರೋಗಿಗಳನ್ನು ಬದುಕಿಸುವುದೂ ಆ ಔಷಧಿಗಳೇ. ಆದರೆ ಹೊರದಾರಿ ಕಟ್ಟಿಕೊಂಡ ರೋಗಿಯಲ್ಲಿ ಅವು ಅಡ್ಡಿಯನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಸರಿಯಾದ ಚಿಕಿತ್ಸೆ ಇದಕ್ಕೆ ತೀರಾ ತದ್ವಿರುದ್ಧ. ಯಾವ ರೋಗಿ ಯಾವ ಬಗೆಯವನು ಎಂಬುದನ್ನು ಎಕೋ ಮಾಡಿ ಕಣ್ಣಾರೆ ನೋಡದೆ ಹೇಳಲಾಗುವುದಿಲ್ಲ.

ಮೊದಲು ಆ ದಾರಿಯ ರಚನೆ. ಎಡ ಹೃತ್ಕುಕ್ಷಿಯಿಂದ ರಕ್ತ ಮಹಾಪಧಮನಿಗೆ ಹೊರಡುವಾಗ ಅಯೋರ್ಟಿಕ್ ಕವಾಟದ ಕೆಳಗಿನ ಕಿರಿದಾದ ಜಾಗವೊಂದನ್ನು ದಾಟಬೇಕು. ಅದರ ಒಂದು ಮಗ್ಗುಲಿಗೆ ಎರಡು ಹೃತ್ಕುಕ್ಷಿಗಳನ್ನು ಬೇರ್ಪಡಿಸುವ ಸ್ನಾಯುವಿನ ನಡುಗೋಡೆ. ಇನ್ನೊಂದು ಮಗ್ಗುಲಿಗೆ ಇರುವುದು ಗೋಡೆಯಲ್ಲ, ಮೈಟ್ರಲ್ ಕವಾಟದ ಮುಂದಿನ ಎಸಳು. ಅಂದರೆ ದಾರಿಯ ಒಂದು ಬದಿಯೇ ಅಲುಗಾಡುವಂಥದ್ದು. ಹೃತ್ಕುಕ್ಷಿ ಚಿಕ್ಕದಾಗಿದ್ದು, ನಡುಗೋಡೆ ಉಬ್ಬಿಕೊಂಡು, ಎಸಳು ಅಗತ್ಯಕ್ಕಿಂತ ಉದ್ದವಾಗಿದ್ದರೆ, ಹೃದಯ ಹಿಂಡುವಾಗ ನುಗ್ಗುವ ರಕ್ತ ಆ ಎಸಳಿನ ಹಿಂಬದಿಗೆ ಬಡಿದು ಅದನ್ನು ನಡುಗೋಡೆಯತ್ತ ನೂಕುತ್ತದೆ. ತಂತಿಯ ಮೇಲೆ ಸಡಿಲವಾಗಿ ಒಣಹಾಕಿದ ಸೀರೆ ಗಾಳಿಗೆ ಉಬ್ಬಿ ಪಕ್ಕದ ಗೋಡೆಗೆ ಹೋಗಿ ಅಂಟಿಕೊಳ್ಳುವ ಹಾಗೆ. ವೇಗವಾಗಿ ಹರಿಯುವ ರಕ್ತ ಎಸಳನ್ನು ತನ್ನತ್ತ ಹೀರಿಕೊಳ್ಳುತ್ತದೆ ಎಂಬ ವಿವರಣೆಯೇ ಬಹುಕಾಲ ಪಠ್ಯಪುಸ್ತಕಗಳಲ್ಲಿತ್ತು. ಹೀರುವುದಕ್ಕಿಂತ ಹಿಂದಿನಿಂದ ನೂಕುವುದೇ ಮುಖ್ಯವೆಂದು ಎಕೋ ಅಧ್ಯಯನಗಳು ನಂತರ ತೋರಿಸಿಕೊಟ್ಟವು. ಎಸಳು ಹೀಗೆ ಮುಂದಕ್ಕೆ ಬಂದಾಗ ಎರಡು ಕೆಡುಕು ಒಟ್ಟಿಗೇ ಆಗುತ್ತವೆ. ಹೊರದಾರಿ ಮುಚ್ಚುತ್ತದೆ. ಮೈಟ್ರಲ್ ಕವಾಟದ ಎರಡು ಎಸಳುಗಳು ಕೂಡಿಕೊಳ್ಳದೆ ರಕ್ತ ಹಿಂದಕ್ಕೆ ಎಡ ಹೃತ್ಕರ್ಣಕ್ಕೆ ಸೋರುತ್ತದೆ. ವೈದ್ಯರ ಮಾತಿನಲ್ಲಿ ಇದು ‘ಸ್ಯಾಮ್’.

ಮೈಟ್ರಲ್ ಕವಾಟದ ರಿಪೇರಿಯ ನಂತರ ಸ್ಯಾಮ್ ಕಾಣಿಸಿಕೊಳ್ಳುವುದು ಹೆಚ್ಚು. ಕವಾಟವನ್ನು ಕಿತ್ತು ಕೃತಕ ಕವಾಟ ಹಾಕುವ ಬದಲು ರೋಗಿಯ ಸ್ವಂತ ಕವಾಟವನ್ನೇ ಸರಿಪಡಿಸುವ ವಿಧಾನಕ್ಕೆ ಶಾಸ್ತ್ರದ ರೂಪ ಕೊಟ್ಟವರು ಪ್ಯಾರಿಸ್‌ನ ಅಲನ್ ಕಾರ್ಪೆಂಟಿಯರ್. ಹಿಗ್ಗಿದ ಕವಾಟದ ಬುಡಕ್ಕೆ ಉಂಗುರ ಹೊಲಿದು ಬಿಗಿ ಮಾಡುವುದು ಅದರ ತಿರುಳು. ಉಂಗುರ ಹೊಲಿದ ಮೇಲೆ ಹೊರದಾರಿ ಕಟ್ಟಿಕೊಳ್ಳಬಹುದೆಂಬ ವರದಿಗಳು 1970ರ ದಶಕದಲ್ಲೇ ಬಂದವು. ಉಂಗುರ ಚಿಕ್ಕದಾದರೆ, ಅಥವಾ ಹಿಂದಿನ ಎಸಳು ಎತ್ತರವಾಗಿ ಉಳಿದರೆ, ಎರಡೂ ಎಸಳುಗಳು ಸೇರುವ ಬಿಂದು ಮುಂದಕ್ಕೆ ಜರುಗಿ ಹೊರದಾರಿಯ ಒಳಕ್ಕೇ ಬಂದುಬಿಡುತ್ತದೆ. ರಿಪೇರಿಯಾದವರಲ್ಲಿ ಶೇ. 4ರಿಂದ 10ರಷ್ಟು ಜನರಲ್ಲಿ ಇದು ಕಾಣುತ್ತದೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಯಾರಿಗೆ ಆಗಬಹುದು ಎಂಬುದನ್ನು ಮೊದಲೇ ಹೇಳಬಹುದು. ಎದೆ ತೆರೆಯುವ ಮುನ್ನ ಅನ್ನನಾಳದೊಳಗೆ ಎಕೋ ಕೊಳವೆ ಇಳಿಸಿ ಅರಿವಳಿಕೆ ತಜ್ಞರು ಕೆಲವು ಅಳತೆ ತೆಗೆಯುತ್ತಾರೆ. ಎಸಳುಗಳು ಸೇರುವ ಬಿಂದುವಿನಿಂದ ನಡುಗೋಡೆಗೆ 25 ಮಿಲಿಮೀಟರಿಗಿಂತ ಕಡಿಮೆ ಅಂತರ, ಹಿಂದಿನ ಎಸಳಿನ ಎತ್ತರ 15 ಮಿಲಿಮೀಟರಿಗಿಂತ ಹೆಚ್ಚು, ನಡುಗೋಡೆಯ ದಪ್ಪ 15 ಮಿಲಿಮೀಟರಿಗಿಂತ ಹೆಚ್ಚು, ಮುಂದಿನ ಎಸಳಿಗೂ ಹಿಂದಿನ ಎಸಳಿಗೂ ಇರುವ ಉದ್ದದ ಅನುಪಾತ 1.3ಕ್ಕಿಂತ ಕಡಿಮೆ. ಇವುಗಳಲ್ಲಿ ಒಂದೆರಡಿದ್ದರೂ ಶಸ್ತ್ರವೈದ್ಯರಿಗೆ ಎಚ್ಚರಿಕೆ ಹೋಗಬೇಕು. ಅವರು ಆಗ ಹಿಂದಿನ ಎಸಳಿನ ಎತ್ತರ ತಗ್ಗಿಸುವ, ಎಸಳನ್ನು ಬುಡದಿಂದ ಬಿಡಿಸಿ ಜರುಗಿಸಿ ಹೊಲಿಯುವ ಕಾರ್ಪೆಂಟಿಯರ್ ತಂತ್ರವನ್ನು ಬಳಸಬಹುದು. ದೊಡ್ಡ ಉಂಗುರ ಆರಿಸಬಹುದು. ಈ ವಿಷಯದಲ್ಲಿ ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ ನಡೆಯುವುದು ಇಲ್ಲಿ, ಹತ್ತು ನಿಮಿಷದ ಅಳತೆ ಮತ್ತು ಇಬ್ಬರು ತಜ್ಞರ ನಡುವಿನ ಒಂದು ಮಾತುಕತೆಯಲ್ಲಿ.

ಅಷ್ಟೆಲ್ಲ ಎಚ್ಚರವಿದ್ದರೂ ಅಡ್ಡಿ ಬರಬಹುದು. ಹೃದಯ-ಶ್ವಾಸಕೋಶ ಯಂತ್ರದಿಂದ ರೋಗಿಯನ್ನು ಬಿಡಿಸುವ ಗಳಿಗೆಯನ್ನೇ ನೋಡಿ. ಹೃದಯ ಇನ್ನೂ ಪೂರ್ತಿ ತುಂಬಿಲ್ಲ. ರಕ್ತನಾಳಗಳು ಸಡಿಲಗೊಂಡಿವೆ. ಬಡಿತಕ್ಕೆ ಆಸರೆಯಾಗಿ ಅಡ್ರಿನಲಿನ್ ಅಥವಾ ಡೊಬ್ಯುಟಮಿನ್ ಹರಿಯುತ್ತಿದೆ, ನಾಡಿ ವೇಗವಾಗಿದೆ. ಹೊರದಾರಿ ಕಟ್ಟಿಕೊಳ್ಳಲು ಬೇಕಾದ ನಾಲ್ಕೂ ಕಾರಣಗಳು ಅಲ್ಲಿ ಒಟ್ಟಿಗೇ ನೆರೆದಿವೆ. ಖಾಲಿ ಹೃತ್ಕುಕ್ಷಿ, ಅತಿಯಾದ ಹಿಂಡುವಿಕೆ, ಆಚೆ ಕಡೆ ತಡೆಯಿಲ್ಲದ ರಕ್ತನಾಳ, ತುಂಬಿಕೊಳ್ಳಲು ಪುರುಸೊತ್ತು ಕೊಡದ ನಾಡಿ. ಒತ್ತಡ 80ಕ್ಕೆ ಇಳಿಯುತ್ತದೆ. ಡ್ರಿಪ್ ಏರಿಸುತ್ತಾರೆ. 70ಕ್ಕೆ ಬರುತ್ತದೆ. ಮತ್ತೆ ಏರಿಸುತ್ತಾರೆ. ಶ್ವಾಸಕೋಶದ ಕಡೆ ಒತ್ತಡ ಹೆಚ್ಚಿದೆ, ಮೈಟ್ರಲ್ ಸೋರುತ್ತಿದೆ, ಮೂತ್ರ ನಿಂತಿದೆ. ಹೊರಗಿನ ಲಕ್ಷಣಗಳೆಲ್ಲ ಹೃದಯ ಸೋತಿದೆ ಎಂದೇ ಹೇಳುತ್ತವೆ. ಮಹಾಪಧಮನಿಯಲ್ಲಿ ಬಲೂನು ಪಂಪ್ ಹಾಕುವ ಯೋಚನೆಯೂ ಬರುತ್ತದೆ. ಆಚೆ ಕಡೆಯ ತಡೆಯನ್ನು ಇಳಿಸುವುದೇ ಆ ಪಂಪಿನ ಕೆಲಸವಾದ್ದರಿಂದ ಅದೂ ಅಡ್ಡಿಯನ್ನು ಹೆಚ್ಚಿಸುತ್ತದೆ.

ಹಾಗಾಗಿ ಒಂದು ನಿಯಮವನ್ನು ಪ್ರತಿ ಐಸಿಯುವಿನಲ್ಲೂ ಬರೆದಿಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಔಷಧಿ ಏರಿಸಿದಷ್ಟೂ ಒತ್ತಡ ಇಳಿಯುತ್ತಿದ್ದರೆ ಕೈ ನಿಲ್ಲಿಸಿ, ಎಕೋ ಯಂತ್ರ ತರಿಸಿ. ಅದು ಬರುವ ಮುಂಚೆ ಸುಳಿವು ಕೊಡುವಂಥದು ಮಾನಿಟರಿನಲ್ಲೇ ಒಂದಿದೆ. ಬ್ರಾನ್‌ವಾಲ್ಡ್, ಮಾರೋ ಮತ್ತು ಅವರ ಸಹೋದ್ಯೋಗಿ ಬ್ರಾಕನ್‌ಬ್ರೋ 1961ರಲ್ಲಿ ಗುರುತಿಸಿದ್ದು. ಮಾಮೂಲಿ ಹೃದಯದಲ್ಲಿ ಅಕಾಲಿಕ ಬಡಿತವೊಂದಾಗಿ ಸ್ವಲ್ಪ ತಡೆದು ಬರುವ ಮುಂದಿನ ಬಡಿತ ಜೋರಾಗಿರುತ್ತದೆ, ರಕ್ತನಾಳದಲ್ಲಿ ನಾಡಿಯ ಅಲೆಯೂ ದೊಡ್ಡದಾಗುತ್ತದೆ. ಹೊರದಾರಿ ಕಟ್ಟಿಕೊಂಡಿದ್ದರೆ ಬಡಿತ ಜೋರಾದಷ್ಟೂ ಅಡ್ಡಿ ಬಿಗಿಯಾಗಿ ಅಲೆ ಚಿಕ್ಕದಾಗುತ್ತದೆ. ಮಣಿಕಟ್ಟಿನ ಅಪಧಮನಿಗೆ ಹಾಕಿದ ಕೊಳವೆಯಿಂದ ಮಾನಿಟರಿನಲ್ಲಿ ಮೂಡುವ ಗೆರೆಯನ್ನು ಗಮನವಿಟ್ಟು ನೋಡುವ ದಾದಿಯ ಕಣ್ಣಿಗೆ ಇದು ಬೀಳಬಲ್ಲದು. ನಮ್ಮಲ್ಲಿ ಐಸಿಯು ದಾದಿಯರಿಗೆ ಇದನ್ನು ಕಲಿಸಬೇಕು.

ಎಕೋ ಬಂದ ಮೇಲೆ ಚಿತ್ರ ಬಹುಮಟ್ಟಿಗೆ ತಿಳಿಯಾಗುತ್ತದೆ. ಸೋತ ಹೃದಯವಾದರೆ ಹೃತ್ಕುಕ್ಷಿ ಹಿಗ್ಗಿ, ಮೆಲ್ಲಗೆ ಅಲುಗುತ್ತಿರುತ್ತದೆ. ಹೃದಯದ ಸುತ್ತ ರಕ್ತ ಕಟ್ಟಿಕೊಂಡಿದ್ದರೆ ಅದು ಕಾಣುತ್ತದೆ. ಸ್ಯಾಮ್ ಆಗಿದ್ದರೆ ಹೃತ್ಕುಕ್ಷಿ ಪುಟ್ಟದಾಗಿ, ರಭಸದಿಂದ ಹಿಂಡಿಕೊಂಡು, ಗೋಡೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿರುತ್ತವೆ. ಮೈಟ್ರಲ್ ಎಸಳು ನಡುಗೋಡೆಗೆ ಹೋಗಿ ಬಡಿಯುತ್ತಿರುತ್ತದೆ. ರಕ್ತದ ವೇಗ ತೋರಿಸುವ ಡಾಪ್ಲರ್ ಅಲೆ ತಡವಾಗಿ ತುದಿ ಮುಟ್ಟುವ ಬಾಕುವಿನ ಆಕಾರ ತಾಳುತ್ತದೆ. ರಕ್ತದ ವೇಗ ಸೆಕೆಂಡಿಗೆ 4 ಮೀಟರ್ ಎಂದಾದರೆ ಅದರ ವರ್ಗವನ್ನು ನಾಲ್ಕರಿಂದ ಗುಣಿಸಿ 64 ಮಿಲಿಮೀಟರ್ ಪಾದರಸದಷ್ಟು ಒತ್ತಡದ ಅಂತರ ಎಂದು ಲೆಕ್ಕ ಹಾಕುತ್ತಾರೆ. 30ಕ್ಕೆ ಮೀರಿದ್ದನ್ನು ಅಡ್ಡಿ ಎಂದು ಕರೆಯುವುದು, 50ಕ್ಕೆ ಮೀರಿದ್ದನ್ನು ಗಂಭೀರವೆಂದು ಎಣಿಸುವುದು ರೂಢಿ. ಮೈಟ್ರಲ್ ಸೋರಿಕೆಯ ಅಲೆಯನ್ನೇ ಹೊರದಾರಿಯ ಅಲೆಯೆಂದು ತಪ್ಪಾಗಿ ಅಳೆಯುವ ಅಪಾಯವಿದೆ. ಎರಡೂ ಒಂದೇ ದಿಕ್ಕಿನಲ್ಲಿ ಹತ್ತಿರ ಹತ್ತಿರ ಇರುತ್ತವೆ. ಇನ್ನೂ ಒಂದು ಮಾತು: ಸ್ಯಾಮ್ ಕಂಡ ಕೂಡಲೇ ಹುಡುಕಾಟ ನಿಲ್ಲಬಾರದು. ಎಲ್ಲೋ ರಕ್ತ ಸೋರಿ ಹೃದಯ ಖಾಲಿಯಾಗಿರುವುದರಿಂದಲೇ ಸ್ಯಾಮ್ ಆಗಿರಬಹುದು. ಎದೆಗೆ ಹಾಕಿದ ಕೊಳವೆಯಲ್ಲಿ ಎಷ್ಟು ರಕ್ತ ಬಂದಿದೆ, ಕೊಳವೆ ಕಟ್ಟಿಕೊಂಡಿದೆಯೇ ಎಂದು ನೋಡಲೇಬೇಕು.

ಚಿಕಿತ್ಸೆಗೆ ಬಂದರೆ, ಮೊದಲ ಹೆಜ್ಜೆ ಕೊಡುವುದಕ್ಕಿಂತ ತೆಗೆಯುವುದರದ್ದು. ಅಡ್ರಿನಲಿನ್, ಡೊಬ್ಯುಟಮಿನ್, ಮಿಲ್ರಿನೋನ್ ನಿಲ್ಲಬೇಕು. ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ನಿಲ್ಲಬೇಕು. ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಬೇಡ. ಒತ್ತಡ 70 ಇರುವ ರೋಗಿಯ ಅಡ್ರಿನಲಿನ್ ನಿಲ್ಲಿಸುವುದಕ್ಕೆ ಧೈರ್ಯ ಬೇಕು, ಆ ಧೈರ್ಯ ಬರುವುದು ಎಕೋ ಚಿತ್ರದಿಂದ. ಜೊತೆಗೇ ಹೃದಯವನ್ನು ತುಂಬಬೇಕು. ಕಾಲುಗಳನ್ನು ಮೇಲಕ್ಕೆತ್ತಿದರೆ ತಕ್ಷಣ ಸ್ವಲ್ಪ ರಕ್ತ ಹೃದಯಕ್ಕೆ ಮರಳುತ್ತದೆ. ಆಮೇಲೆ ದ್ರವ, ರಕ್ತ ಕಡಿಮೆಯಿದ್ದರೆ ರಕ್ತ. ಉಸಿರಾಟದ ಯಂತ್ರದ ಒತ್ತಡ ಹೆಚ್ಚಿದ್ದರೆ ಇಳಿಸಬೇಕು, ಅದೂ ಹೃದಯಕ್ಕೆ ರಕ್ತ ಬರದಂತೆ ತಡೆಯುತ್ತದೆ.

ಎರಡನೆಯದು ಆಚೆ ಕಡೆಯ ತಡೆಯನ್ನು ಏರಿಸುವುದು. ಎದೆ ಇನ್ನೂ ತೆರೆದಿದ್ದರೆ ಶಸ್ತ್ರವೈದ್ಯರು ಮಹಾಪಧಮನಿಯನ್ನು ಬೆರಳುಗಳಿಂದ ಕೆಲ ಕ್ಷಣ ಅದುಮಿ ನೋಡುತ್ತಾರೆ. ಎಸಳು ಹಿಂದೆ ಸರಿದು ಸೋರಿಕೆ ಕಡಿಮೆಯಾದರೆ ಔಷಧಿಯಿಂದಲೇ ದಾರಿ ತೆರೆಯುವ ಸಂಭವ ಹೆಚ್ಚು. ಐಸಿಯುವಿನಲ್ಲಿ ಈ ಕೆಲಸ ಫಿನೈಲೆಫ್ರಿನ್, ವ್ಯಾಸೊಪ್ರೆಸಿನ್‌ಗಳದ್ದು. ಇವು ಹೃದಯವನ್ನು ಕೆರಳಿಸದೆ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ನಾರ್‌ಅಡ್ರಿನಲಿನ್ ನಮ್ಮಲ್ಲಿ ಎಲ್ಲೆಡೆ ಕೈಗೆ ಸಿಗುವ ಔಷಧಿ. ಅದು ಹೃದಯದ ಹಿಂಡುವಿಕೆಯನ್ನೂ ಸ್ವಲ್ಪ ಹೆಚ್ಚಿಸುತ್ತದೆಂಬ ನೆನಪಿರಲಿ.

ಮೂರನೆಯದು ಬೀಟಾ ಬ್ಲಾಕರ್. ಕಡಿಮೆ ಒತ್ತಡದ ರೋಗಿಗೆ ಹೃದಯದ ವೇಗ ತಗ್ಗಿಸುವ ಔಷಧಿ ಕೊಡುವುದನ್ನು ಕಂಡರೆ ಹೊರಗಿನವರಿಗೆ ಗಾಬರಿಯಾದೀತು. ಎಸ್ಮೊಲಾಲ್ ಇಲ್ಲಿ ನೆಮ್ಮದಿ ಕೊಡುತ್ತದೆ, ಏಕೆಂದರೆ ಸುಮಾರು 9 ನಿಮಿಷದಲ್ಲಿ ಅದರ ಅರ್ಧ ಪ್ರಭಾವ ಕರಗಿಹೋಗುತ್ತದೆ. ಎಣಿಕೆ ತಪ್ಪಿದ್ದರೆ ಹಿಂದಕ್ಕೆ ಬರಬಹುದು. ಅದು ಇಲ್ಲದೆಡೆ ಮೆಟೊಪ್ರೊಲಾಲ್ ಚುಚ್ಚುಮದ್ದನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ. ನಾಡಿ ನಿಧಾನವಾದಂತೆ ಹೃತ್ಕುಕ್ಷಿಗೆ ತುಂಬಿಕೊಳ್ಳಲು ಸಮಯ ಸಿಕ್ಕಿ, ಹಿಂಡುವ ರಭಸ ಇಳಿದು, ಎಸಳು ತನ್ನ ಜಾಗಕ್ಕೆ ಮರಳುತ್ತದೆ.

ಲಯವನ್ನೂ ಕಾಪಾಡಿಕೊಳ್ಳಬೇಕು. ದಪ್ಪ ಗೋಡೆಯ ಹೃತ್ಕುಕ್ಷಿ ತುಂಬಲು ಹೃತ್ಕರ್ಣದ ನೂಕು ಬೇಕೇ ಬೇಕು. ಹೃದಯ ಶಸ್ತ್ರಚಿಕಿತ್ಸೆಯ ನಂತರದ ಎರಡು-ಮೂರನೆಯ ದಿನ ಹೃತ್ಕರ್ಣದ ಕಂಪನ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್, ಬಹಳ ಸಾಮಾನ್ಯ. ಆ ನೂಕು ಕೈಕೊಟ್ಟ ಕೂಡಲೇ ಅಡಗಿದ್ದ ಸ್ಯಾಮ್ ಮತ್ತೆ ತಲೆ ಎತ್ತಬಹುದು. ರೋಗಿ ಕುಸಿಯುತ್ತಿದ್ದರೆ ತಡಮಾಡದೆ ವಿದ್ಯುತ್ ಆಘಾತ ಕೊಟ್ಟು ಲಯವನ್ನು ಸರಿಪಡಿಸಬೇಕು. ತಾತ್ಕಾಲಿಕ ಪೇಸಿಂಗ್ ತಂತಿ ಹಾಕಿದ್ದರೆ ಹೃತ್ಕುಕ್ಷಿಯನ್ನಷ್ಟೇ ಬಡಿಸುವ ಬದಲು ಹೃತ್ಕರ್ಣದಿಂದ ಆರಂಭಿಸಿ ಬಡಿಸಬೇಕು.

ಇಷ್ಟರಿಂದ ಬಹುಪಾಲು ರೋಗಿಗಳಲ್ಲಿ ಅಡ್ಡಿ ಇಳಿಯುತ್ತದೆ, ಹಲವರಲ್ಲಿ ಕೆಲವು ತಿಂಗಳಲ್ಲಿ ಪೂರ್ತಿ ಮಾಯವಾಗುತ್ತದೆ. ಇಳಿಯದವರಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ಬೇಕೇ ಎಂಬುದು ಕಠಿಣ ನಿರ್ಧಾರ. ಹೃದಯ ತುಂಬಿ, ಕೆರಳಿಸುವ ಔಷಧಿಗಳೆಲ್ಲ ನಿಂತು, ಬೀಟಾ ಬ್ಲಾಕರ್ ಕೊಟ್ಟ ಮೇಲೂ ಅಂತರ 50ಕ್ಕಿಂತ ಮೇಲೆ ಉಳಿದು ಮೈಟ್ರಲ್ ಜೋರಾಗಿ ಸೋರುತ್ತಿದ್ದರೆ ಮರಳಿ ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸಿ ಕವಾಟವನ್ನು ತಿದ್ದುವುದು ಲೇಸು. ಹಿಂದಿನ ಎಸಳನ್ನು ಗಿಡ್ಡ ಮಾಡುವುದು, ದೊಡ್ಡ ಉಂಗುರ, ಮಿಲಾನಿನ ಒಟ್ಟಾವಿಯೊ ಆಲ್ಫಿಯೆರಿ ತೋರಿಸಿಕೊಟ್ಟಂತೆ ಎರಡು ಎಸಳುಗಳ ಅಂಚುಗಳನ್ನು ನಡುವೆ ಹೊಲಿಯುವುದು, ನಡುಗೋಡೆಯನ್ನು ಕೆತ್ತುವುದು, ಕೊನೆಗೆ ಕೃತಕ ಕವಾಟ. ಔಷಧಿಗೆ ಬಗ್ಗುವ ಸ್ಯಾಮ್‌ಗೆ ಅವಸರದಿಂದ ಮತ್ತೆ ಕತ್ತರಿ ಹಾಕುವುದು ತಪ್ಪು. ಬಗ್ಗದ ಸ್ಯಾಮ್ ಅನ್ನು ನಾಳೆ ಸರಿಹೋದೀತೆಂದು ಐಸಿಯುಗೆ ಕಳಿಸುವುದು ಇನ್ನೂ ದೊಡ್ಡ ತಪ್ಪು.

ಅಯೋರ್ಟಿಕ್ ಕವಾಟ ಬದಲಿಸಿದ ಮೇಲೆ ಬರುವ ಅಡ್ಡಿಯ ಬಗೆ ಸ್ವಲ್ಪ ಬೇರೆ. ಕಿರಿದಾದ ಕವಾಟದ ಎದುರು ವರ್ಷಗಟ್ಟಲೆ ಹೋರಾಡಿ ಹೃತ್ಕುಕ್ಷಿ ದಪ್ಪಗಾಗಿರುತ್ತದೆ. ಹೊಸ ಕವಾಟ ಕೂತ ಕ್ಷಣ ಎದುರಿನ ತಡೆ ಹೋಗುತ್ತದೆ, ಹಳೆಯ ರಭಸ ಉಳಿದಿರುತ್ತದೆ. ಹೃತ್ಕುಕ್ಷಿ ತನ್ನೊಳಗೇ ತಾನು ಹಿಸುಕಿಕೊಂಡು ಖಾಲಿಯಾಗುತ್ತದೆ. ವೈದ್ಯಕೀಯ ಬರಹಗಳಲ್ಲಿ ಇದಕ್ಕೆ ‘ಆತ್ಮಹತ್ಯಾ ಹೃತ್ಕುಕ್ಷಿ’ ಎಂಬ ಕ್ರೂರ ಹೆಸರಿದೆ. ಚಿಕ್ಕ ಮೈಕಟ್ಟಿನ, ಬಹುಕಾಲದ ಬಿಪಿಯಿರುವ ವಯಸ್ಸಾದ ಹೆಂಗಸರಲ್ಲಿ ಇದರ ಭಯ ಹೆಚ್ಚು. ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಕವಾಟ ಕೂರಿಸುವ ಟಾವಿ ಇಂಥ ವಯಸ್ಸಿನವರಿಗೇ ಹೆಚ್ಚಾಗಿ ಮಾಡುವುದರಿಂದ ಅಲ್ಲೂ ಇದು ಎದುರಾಗುತ್ತದೆ. ಕವಾಟ ಬಿಟ್ಟ ಕೂಡಲೇ ಒತ್ತಡ ಕುಸಿದರೆ ಕವಾಟ ಜಾರಿತೇ, ಹೃದಯಕ್ಕೆ ರಕ್ತ ಪೂರೈಸುವ ನಾಳ ಮುಚ್ಚಿತೇ ಎಂಬ ಪ್ರಶ್ನೆಗಳ ಜೊತೆಗೆ ಇದನ್ನೂ ಕೇಳಿಕೊಳ್ಳಬೇಕು. ಚಿಕಿತ್ಸೆಯ ಹೆಜ್ಜೆಗಳು ಅವೇ.

ಇವೆಲ್ಲ ಹೃದಯದ ಸ್ಥಿತಿಯೊಂದಿಗೆ ಬದಲಾಗುವ ಅಡ್ಡಿಗಳು. ಬದಲಾಗದ ಅಡ್ಡಿಗಳೂ ಇವೆ, ಅವಕ್ಕೆ ದ್ರವವೂ ಬೀಟಾ ಬ್ಲಾಕರೂ ಪರಿಹಾರವಲ್ಲ. ಮೈಟ್ರಲ್ ಜಾಗದಲ್ಲಿ ಹಾಕಿದ ಕೃತಕ ಕವಾಟದ ಕಂಬವೊಂದು ಹೊರದಾರಿಗೆ ಚಾಚಿಕೊಂಡಿರಬಹುದು. ಕ್ಯಾತಿಟರ್ ಮೂಲಕ ಮೈಟ್ರಲ್ ಕವಾಟ ಕೂರಿಸುವಾಗ ಹಳೆಯ ಎಸಳು ನಡುಗೋಡೆಗೆ ಒತ್ತಿಕೊಂಡು ಶಾಶ್ವತ ಗೋಡೆಯಾಗಬಹುದು. ಇದನ್ನು ತಪ್ಪಿಸಲು ಆ ಎಸಳನ್ನು ವಿದ್ಯುತ್ ತಂತಿಯಿಂದ ಮೊದಲೇ ಉದ್ದಕ್ಕೆ ಸೀಳುವ ‘ಲ್ಯಾಂಪೂನ್’ ಎಂಬ ವಿಧಾನ ಅಮೆರಿಕದಲ್ಲಿ ರೂಪುಗೊಂಡಿದೆ. ಉಲ್ರಿಶ್ ಸಿಗ್ವಾರ್ಟ್ 1994ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ, ನಡುಗೋಡೆಯ ರಕ್ತನಾಳಕ್ಕೆ ಆಲ್ಕೊಹಾಲ್ ಹಾಯಿಸಿ ಸ್ನಾಯುವನ್ನು ಕುಗ್ಗಿಸುವ ಕ್ರಮವನ್ನೂ ಇಂಥ ಕೆಲವರಲ್ಲಿ ಬಳಸುತ್ತಾರೆ. ಮಕ್ಕಳಲ್ಲಿ ಬಲಗಡೆಯ ಹೊರದಾರಿಯ ಪ್ರಶ್ನೆ ಬರುತ್ತದೆ, ಅಲ್ಲಿ ಎರಡೂ ಬಗೆಯ ಅಡ್ಡಿಗಳಿರುತ್ತವೆ. ‘ನೀಲಿ ಮಗು’ವಿನ ಫ್ಯಾಲೊ ದೋಷವನ್ನು ಸರಿಪಡಿಸಿದ ಮೇಲೆ ಉಳಿದ ಸ್ನಾಯುವಿನ ಅಡ್ಡಿ ಕೆಲವೊಮ್ಮೆ ಬೀಟಾ ಬ್ಲಾಕರಿನಿಂದ ಮತ್ತು ಸಮಯದಿಂದ ಸಡಿಲವಾಗುತ್ತದೆ. ಕವಾಟದ ಬುಡವೇ ಕಿರಿದಾಗಿ ಉಳಿದಿದ್ದರೆ ಮತ್ತೆ ಒಳಹೋಗಬೇಕು.

ನಮ್ಮ ನಾಡಿನ ಮಟ್ಟಿಗೆ ಇದು ಮುಂದೆ ಹೆಚ್ಚಲಿದೆ ಎಂಬುದು ನನ್ನ ಅಂದಾಜು. ಬಹುಕಾಲ ನಮ್ಮಲ್ಲಿ ಮೈಟ್ರಲ್ ರೋಗವೆಂದರೆ ರುಮ್ಯಾಟಿಕ್ ಜ್ವರದ ಫಲವೇ ಆಗಿತ್ತು. ಆ ರೋಗದಲ್ಲಿ ಎಸಳುಗಳು ದಪ್ಪಗಾಗಿ, ಗಿಡ್ಡವಾಗಿ, ಅಂಟಿಕೊಂಡಿರುತ್ತವೆ. ಅಂಥ ಎಸಳು ಹಾರಿ ಹೋಗಿ ನಡುಗೋಡೆಗೆ ತಾಗುವುದು ಅಪರೂಪ. ವಯಸ್ಸಿನಿಂದ ಸಡಿಲಗೊಂಡ, ಉದ್ದವಾದ ಎಸಳುಗಳ ರಿಪೇರಿ ಈಗ ಹೆಚ್ಚುತ್ತಿದೆ, ಟಾವಿಯೂ ಹೆಚ್ಚುತ್ತಿದೆ. ಇದರ ಜೊತೆಗೆ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಶೋಧವೊಂದಿದೆ. ಹೃದಯ ಸ್ನಾಯುವಿನ ಪ್ರೋಟೀನೊಂದರ ಜೀನ್‌ನಲ್ಲಿ 25 ಅಕ್ಷರಗಳ ಕೊರತೆ ಭಾರತ ಉಪಖಂಡದ ಸುಮಾರು ಶೇ. 4ರಷ್ಟು ಜನರಲ್ಲಿದೆ, ಅವರಲ್ಲಿ ನಡುವಯಸ್ಸಿನ ಮೇಲೆ ಹೃದಯ ಸ್ನಾಯುವಿನ ಕಾಯಿಲೆಯ ಸಾಧ್ಯತೆ ಹೆಚ್ಚು. ಬೇರೆ ಕಾರಣಕ್ಕೆ ಆಪರೇಷನ್ ಟೇಬಲ್ ಏರುವ ರೋಗಿಗೆ ಯಾರೂ ಗುರುತಿಸದ ದಪ್ಪ ನಡುಗೋಡೆ ಇರಬಹುದೆಂಬ ಅರಿವು ಇದರಿಂದ ಬರಬೇಕು.

ಹೃದಯ ಶಸ್ತ್ರಚಿಕಿತ್ಸೆ ಇಂದು ಬೆಂಗಳೂರಿಗೆ ಸೀಮಿತವಲ್ಲ. ಜಯದೇವ ಸಂಸ್ಥೆ ಮೈಸೂರು, ಕಲಬುರಗಿಗಳಿಗೂ ಹರಡಿದೆ, ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆಗಳಲ್ಲೂ ಎದೆ ತೆರೆಯುತ್ತಾರೆ. ಇಂಥ ಪ್ರತಿಯೊಂದು ಕಡೆಯೂ ರಾತ್ರಿ ಎರಡು ಗಂಟೆಗೆ ಎಕೋ ಹಿಡಿದು ಸ್ಯಾಮ್ ಗುರುತಿಸಬಲ್ಲ ಒಬ್ಬರು ಕರ್ತವ್ಯದಲ್ಲಿರಬೇಕು. ಅರಿವಳಿಕೆ ತಜ್ಞರೇ ಆಗಲಿ, ಐಸಿಯುವಿನ ಕಿರಿಯ ವೈದ್ಯರೇ ಆಗಲಿ, ಮೂಲಭೂತ ಎಕೋ ಕಲಿಯದವರನ್ನು ಆ ಪಾಳಿಗೆ ಹಾಕಬಾರದು. ಎಸ್ಮೊಲಾಲ್, ವ್ಯಾಸೊಪ್ರೆಸಿನ್ ದುಬಾರಿ ಹೊಸ ಆವಿಷ್ಕಾರಗಳಲ್ಲ. ಇಲ್ಲಿ ಕೊರತೆ ಬೀಳುವುದು ನೋಡುವ ಕಣ್ಣು. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಾವಕಾಮ್ಟೆನ್ ಸ್ನಾಯುವಿನ ಅತಿಯಾದ ಹಿಂಡುವಿಕೆಯನ್ನೇ ತಗ್ಗಿಸುವ ಗುಳಿಗೆ. ಆನುವಂಶಿಕವಾಗಿ ಬರುವ ಕಾಯಿಲೆಗೆ ಅದು ದೊಡ್ಡ ಭರವಸೆ. ಆದರೆ ಅದರ ಪರಿಣಾಮ ಕಾಣಲು ವಾರಗಳು ಬೇಕು, ಶಸ್ತ್ರಚಿಕಿತ್ಸೆಯ ರಾತ್ರಿಗೆ ಅದರಿಂದ ಸಹಾಯವಿಲ್ಲ.

ಮನೆಗೆ ಹೋಗುವಾಗಿನ ಚೀಟಿಯೂ ಚಿಕಿತ್ಸೆಯ ಭಾಗ. ಸ್ಯಾಮ್ ಆಗಿ ಇಳಿದ ರೋಗಿಯ ಡಿಸ್ಚಾರ್ಜ್ ಸಾರಾಂಶದಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು. ನಮ್ಮ ಊರುಗಳಲ್ಲಿ ಎದೆನೋವೆಂದರೆ ಅಂಗಿ ಜೇಬಿನ ಸಾರ್ಬಿಟ್ರೇಟ್ ನಾಲಿಗೆಯಡಿಗೆ ಹೋಗುತ್ತದೆ, ಅಕ್ಕಪಕ್ಕದವರೂ ತಂದು ಇಡುತ್ತಾರೆ. ಹೊರದಾರಿ ಇನ್ನೂ ಕಿರಿದಾಗಿರುವವರಿಗೆ ಆ ಗುಳಿಗೆ ಅಪಾಯಕಾರಿ, ಅದನ್ನು ಮನೆಯವರಿಗೆ ಕೂರಿಸಿ ಹೇಳಬೇಕು. ಊರಿನ ವೈದ್ಯರು ಬಿಪಿಗೆ ರಕ್ತನಾಳ ಹಿಗ್ಗಿಸುವ ಮಾತ್ರೆ ಅಥವಾ ಮೂತ್ರದ ಮಾತ್ರೆ ಹೊಸದಾಗಿ ಬರೆಯುವ ಮುನ್ನ ಚೀಟಿ ನೋಡಲಿ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ, ವಾಂತಿ-ಭೇದಿಯಾದಾಗ ಮೈ ಒಣಗದಂತೆ ನೋಡಿಕೊಳ್ಳಬೇಕು. ನೀರೂ ಮುಟ್ಟದ ನಿರಾಹಾರ ಏಕಾದಶಿ ಮಾಡುವವರು ಎಕೋದಲ್ಲಿ ಅಡ್ಡಿ ಇಲ್ಲವೆಂದು ಖಾತ್ರಿಯಾಗುವವರೆಗೆ ಅದನ್ನು ಬಿಡಬೇಕು. ಬೀಟಾ ಬ್ಲಾಕರನ್ನು ಸುಸ್ತೆಂದು ತಾವಾಗಿಯೇ ನಿಲ್ಲಿಸಬಾರದು. ಕೆಲವು ವಾರಗಳ ನಂತರದ ಎಕೋವನ್ನು ಮಲಗಿಸಿ ಮಾತ್ರ ಮಾಡದೆ, ಉಸಿರು ಬಿಗಿಹಿಡಿಸಿ, ಎದ್ದು ನಿಲ್ಲಿಸಿಯೂ ಮಾಡಬೇಕು. ಶಸ್ತ್ರಚಿಕಿತ್ಸೆಯ ವೇಳೆ ಕಾರಣವಿಲ್ಲದೆ ನಡುಗೋಡೆ ದಪ್ಪಗಿರುವುದು ಕಂಡಿದ್ದರೆ ರೋಗಿಯ ಮಕ್ಕಳಿಗೂ ಒಡಹುಟ್ಟಿದವರಿಗೂ ಒಮ್ಮೆ ಎಕೋ ಮಾಡಿಸಲು ಹೇಳಿ ಕಳಿಸಬೇಕು.